ಬಾಣಂತಿಯ ಪಾಲಿನ ಮದ್ದು

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ತಲೆತಲಾಂತರದ ಭಯವೇ ಈ ಮಾತನ್ನು ಹುಟ್ಟಿಸಿತೆನ್ನಬೇಕು. ಹೆರಿಗೆಯ ಗಂಡಾಂತರವನ್ನು ದಾಟಿ ಬಂದ ಬಾಣಂತಿಯನ್ನು ಮೂರನೆಯ ದಿನವೋ ನಾಲ್ಕನೆಯ ದಿನವೋ ಜ್ವರ ಹಿಡಿಯುತ್ತಿತ್ತು. ಚಳಿ, ನಡುಕ, ಸನ್ನಿ, ಕೊನೆಗೆ ಮರಣ. ಹಿರಿಯರು ಇದನ್ನು ನಂಜು ಎಂದರು. ಹೆಸರು ಸರಿಯಾಗಿಯೇ ಇತ್ತು. ಆ ನಂಜು ಎಲ್ಲಿಂದ ಬರುತ್ತದೆಂಬುದು ತಿಳಿದಿರಲಿಲ್ಲ.

1847ರಲ್ಲಿ ವಿಯೆನ್ನಾ ನಗರದ ವೈದ್ಯ ಸೆಮೆಲ್‌ವೈಸ್ ಅದರ ಮೂಲವನ್ನು ತೋರಿಸಿದನು. ಶವಪರೀಕ್ಷೆ ಮುಗಿಸಿ ನೇರವಾಗಿ ಹೆರಿಗೆಯ ಕೋಣೆಗೆ ಬರುತ್ತಿದ್ದ ವೈದ್ಯರ ಕೈಗಳೇ ನಂಜನ್ನು ಹೊತ್ತು ತರುತ್ತಿದ್ದವು. ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ಕಟ್ಟಳೆ ಬಂದೊಡನೆ ಸಾವು ಗಣನೀಯವಾಗಿ ಇಳಿಯಿತು. 1936ರಲ್ಲಿ ಲಂಡನ್ನಿನ ಲೆನಾರ್ಡ್ ಕೋಲ್‌ಬ್ರೂಕ್ ಸಲ್ಫಾ ಜಾತಿಯ ಪ್ರೊಂಟೊಸಿಲ್ ಮದ್ದಿನಿಂದ ಬಾಣಂತಿಜ್ವರವನ್ನು ಗುಣಪಡಿಸಬಹುದೆಂದು ತೋರಿಸಿದನು. ಮೊದಲು ಕೈಯ ಶುಚಿ, ಬಳಿಕ ಮದ್ದು: ಚರಿತ್ರೆಯ ಈ ಕ್ರಮವನ್ನು ನಾವು ಮರೆಯಬಾರದು.

ಈ ಕಥೆಯ ಹೊಸ ಅಧ್ಯಾಯದಲ್ಲಿ ನಮ್ಮ ಬೆಳಗಾವಿಗೂ ಸ್ಥಾನವಿದೆ. ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ಡಾ. ಅಲನ್ ಟೀಟಾ ಮತ್ತು ಸಂಗಡಿಗರು ಏಳು ದೇಶಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಬೆಳಗಾವಿಯ ಡಾ. ಶಿವಪ್ರಸಾದ ಗೌಡರ್ ಅದರ ಸಂಶೋಧಕರಲ್ಲಿ ಒಬ್ಬರು. ಸಹಜ ಹೆರಿಗೆಯ ನಿರೀಕ್ಷೆಯಲ್ಲಿದ್ದ 29,278 ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹೆರಿಗೆ ನೋವಿನ ವೇಳೆ 2 ಗ್ರಾಂ ಅಜಿಥ್ರೊಮೈಸಿನ್ ಒಂದೇ ಸಲ ನುಂಗಲು ಕೊಟ್ಟರು. ಉಳಿದವರಿಗೆ ಮದ್ದಿಲ್ಲದ ಹುಸಿಗುಳಿಗೆ. ನಂಜು ಅಥವಾ ಮರಣಕ್ಕೆ ತುತ್ತಾದವರು ಹುಸಿಗುಳಿಗೆಯ ಗುಂಪಿನಲ್ಲಿ ನೂರಕ್ಕೆ 2.4, ಮದ್ದಿನ ಗುಂಪಿನಲ್ಲಿ 1.6.

ನಾನು ಕನ್ನಡ ಪಾಠ ಹೇಳುವವನು. ಆದರೆ ಇಷ್ಟು ಗಣಿತ ಯಾರಿಗೂ ನಿಲುಕುವಂಥದು. ಸಾವಿರ ಮಂದಿಗೆ ಮದ್ದು ಕೊಟ್ಟರೆ ಎಂಟು ಮಂದಿ ಪಾರಾಗುತ್ತಾರೆ; ಅಂದರೆ ಒಬ್ಬಳ ರಕ್ಷಣೆಗೆ 125 ಮಂದಿ ಮದ್ದು ನುಂಗಬೇಕು. ಉಳಿಕೆ ಬಹುತೇಕ ನಂಜಿನದೇ. ಮರಣದ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಹಸುಗೂಸುಗಳಿಗೂ ವಿಶೇಷ ಪ್ರಯೋಜನ ಕಾಣಲಿಲ್ಲ. ಹಾಗೆಂದು ಫಲವನ್ನು ಅಲ್ಪವೆನ್ನಲಾಗದು: ನಂಜಿನಿಂದ ಉಳಿದ ತಾಯಿ ಮಗುವಿನೊಡನೆ ಮನೆಗೆ ಮರಳುತ್ತಾಳೆ.

ಅಪಾಯವಿರುವುದು ಆ ಮದ್ದಿನ ಹೊರಜೀವನದಲ್ಲಿ. 1980ರಲ್ಲಿ ಅಂದಿನ ಯುಗೋಸ್ಲಾವಿಯದ ಜಾಗ್ರೆಬ್ ನಗರದಲ್ಲಿ ಜನಿಸಿದ ಈ ಅಜಿಥ್ರೊಮೈಸಿನ್, 2019ರ ಲೆಕ್ಕದಂತೆ, ಭಾರತದ ಖಾಸಗಿ ಔಷಧ ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಬಳಕೆಯಾದ ಪ್ರತಿಜೈವಿಕ ಗುಳಿಗೆ. ನೆಗಡಿಗೂ ಅದೇ, ಗಂಟಲು ಕೆರೆತಕ್ಕೂ ಅದೇ. ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ಕಾನೂನು ಇದೆ. ಅಂಗಡಿಯ ಕಟ್ಟೆಯ ಮೇಲೆ ಅದರ ನೆನಪು ಯಾರಿಗೂ ಇರುವುದಿಲ್ಲ. ನೆಗಡಿ ವೈರಸ್ಸಿನ ಕಾರ್ಯ. ಈ ಗುಳಿಗೆ ಅದನ್ನು ಮುಟ್ಟಲಾರದು. ಮುಟ್ಟುವುದು ನಮ್ಮೊಳಗಿನ ಬ್ಯಾಕ್ಟೀರಿಯಗಳನ್ನು. ದುರ್ಬಲವಾದವು ಸಾಯುತ್ತವೆ, ಬಗ್ಗದವು ಬೆಳೆಯುತ್ತವೆ. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಗಳ ನೇರ ಕಾರಣದಿಂದ 2019ರೊಂದರಲ್ಲೇ ಲೋಕದಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜು.

ಹಾಗಾದರೆ ಹೆರಿಗೆಮನೆಯ ಗುಳಿಗೆಯೂ ಈ ಕೇಡಿಗೆ ಪಾಲುಗಾರನಲ್ಲವೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಗ್ಯಾಂಬಿಯಾ ದೇಶದಲ್ಲಿ ನಡೆದ ಇಂಥದೇ ಪ್ರಯೋಗದಲ್ಲಿ, ಮದ್ದು ಪಡೆದವರಲ್ಲಿ ಬಗ್ಗದ ಬ್ಯಾಕ್ಟೀರಿಯಗಳು ಕೆಲವು ವಾರ ಹೆಚ್ಚಾಗಿ ಕಂಡವು. ವರ್ಷ ತುಂಬುವ ಹೊತ್ತಿಗೆ ಆ ಅಂತರ ಅಳಿದಿತ್ತು. ಒಮ್ಮೆ ಕೊಟ್ಟು ನಿಲ್ಲಿಸಿದ್ದನ್ನು ಪ್ರಕೃತಿ ಸರಿಪಡಿಸಿಕೊಳ್ಳಬಲ್ಲದು. ದಿನವೂ ಎಲ್ಲರೂ ನುಂಗುತ್ತಿದ್ದರೆ ಆ ಬಿಡುವೆಲ್ಲಿ?

ಇನ್ನೊಂದು ಮಾತು. ಕೂಲಿಯವನು ಅಂಗಡಿಗೆ ಹೋಗುವುದು ಅವಿವೇಕದಿಂದಲೇ ಎನ್ನುವುದು ಅನ್ಯಾಯ. ವೈದ್ಯರಲ್ಲಿಗೆ ಹೋದರೆ ಒಂದು ದಿನದ ಕೂಲಿಯೂ ಶುಲ್ಕವೂ ಹೋಗುತ್ತವೆ. ಹತ್ತಿರದಲ್ಲೊಂದು ತೆರೆದ ಆಸ್ಪತ್ರೆಯಿಲ್ಲದೆ ಸಂಯಮವನ್ನು ಬೋಧಿಸಿದರೆ ಅದು ಉಳ್ಳವರ ಉಪದೇಶವಾದೀತು. ಹಾಗೆಯೇ, ಗುಳಿಗೆಯಿದೆಯೆಂದು ನೀರು, ಸಾಬೂನು, ಸ್ವಚ್ಛ ಹಾಸಿಗೆ, ಸಾಕಷ್ಟು ದಾದಿಯರು ಇವುಗಳಲ್ಲಿ ಸರ್ಕಾರ ಉಳಿತಾಯ ಮಾಡಿದರೆ, ಸೆಮೆಲ್‌ವೈಸನ ಪಾಠವನ್ನು ನಾವು ಅಳಿಸಿಹಾಕಿದಂತೆ.

ಕೆರೆಯ ನೀರು ಊರಿನದು. ಹಾಗೆಯೇ ಮದ್ದಿನ ಶಕ್ತಿಯೂ ಎಲ್ಲರಿಗೂ ಸೇರಿದ್ದು. ಅದನ್ನು ನೆಗಡಿಗೆ ಚೆಲ್ಲುವವನು ತನಗರಿಯದೆ ಯಾವಳೋ ಬಾಣಂತಿಯ ಪಾಲನ್ನು ಚೆಲ್ಲುತ್ತಾನೆ. ಮುಂದಿನ ಸಲ ಗಂಟಲು ಕೆರೆದಾಗ ಬಿಸಿನೀರು ಕುಡಿದು ಎರಡು ದಿನ ತಾಳಿಕೊಳ್ಳುವುದು, ಜ್ವರ ಏರಿದರೆ ವೈದ್ಯರನ್ನು ಕಾಣುವುದು: ಓದಿದವರಾದ ನಮ್ಮಿಂದ ಇಷ್ಟಾದರೂ ಆಗಬೇಕು.