ಕೊಳಗ ಯಾರ ಕೈಯಲ್ಲಿದೆ?

ನಾಡಿನ ಚರಿತ್ರೆಯೆಂದರೆ ರಾಜರ ಪಟ್ಟಾಭಿಷೇಕ, ಕೋಟೆಯ ಮುತ್ತಿಗೆ, ದೇಗುಲದ ಶಾಸನ ಎಂದೇ ನಮಗೆ ಕಲಿಸಿದ್ದಾರೆ. ಅವು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಭತ್ತ ಅಳೆಯುವ ಒಂದು ಕೊಳಗವೂ ಚರಿತ್ರೆಯ ದಿಕ್ಕು ತಿರುಗಿಸಬಲ್ಲದು. ಅದಕ್ಕೆ ಸಾಕ್ಷಿ ಕಾಗೋಡು.

ಕಾಗೋಡು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಳ್ಳಿ. ಅಲ್ಲಿಯ ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಉತ್ತವರು, ಬಿತ್ತಿದವರು, ಕೊಯ್ದವರು ಅವರೇ. ಗೇಣಿ ಅಳೆಯುವ ಹೊತ್ತಿಗೆ ಮಾತ್ರ ಒಡೆಯರ ದೊಡ್ಡ ಕೊಳಗ ಹೊರಬರುತ್ತಿತ್ತು. ಎಣಿಕೆಯಲ್ಲಿ ಕೊಳಗ ಅಷ್ಟೇ. ಪಾತ್ರೆ ದೊಡ್ಡದಾದಷ್ಟೂ ರೈತನ ಕಣಜ ಬರಿದು. 1947ರಲ್ಲಿ ಸ್ವಾತಂತ್ರ್ಯ ಬಂತು, 1950ರಲ್ಲಿ ಸಂವಿಧಾನ ಬಂತು. ಕೊಳಗ ಮಾತ್ರ ಅದೇ ಉಳಿಯಿತು.

ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘವಾಗಿ ಕಟ್ಟಿದರು. ನ್ಯಾಯದ ಅಳತೆ ಕೇಳಿದವರಿಗೆ ಸಿಕ್ಕಿದ್ದು ಉಳುವ ನೆಲದಿಂದ ಹೊರದೂಡುವ ಬೆದರಿಕೆ. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ರೈತರು ತಂಡತಂಡವಾಗಿ ತಾವು ಉಳುತ್ತಿದ್ದ ಗದ್ದೆಗೇ ಇಳಿದು ಸೆರೆಯಾದರು. ಸಮಾಜವಾದಿ ಪಕ್ಷ ಅವರ ಬೆನ್ನಿಗೆ ನಿಂತಿತು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಬಂದು ತಾವೂ ಬಂಧನಕ್ಕೊಳಗಾದರು. 1952ರ ಚುನಾವಣೆಯಲ್ಲಿ ಆ ಸೀಮೆಯ ಜನ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳುಹಿಸಿದರು.

ಉಳುವವನೇ ಹೊಲದೊಡೆಯನೆಂಬ ಕೂಗು ಗಟ್ಟಿಯಾದ ಕಾನೂನಾಗಲು 1974 ಬರಬೇಕಾಯಿತು. ಆ ವರ್ಷ ಜಾರಿಗೆ ಬಂದ ತಿದ್ದುಪಡಿಯಿಂದ ಗೇಣಿದಾರರು ಒಡೆತನದ ಹಕ್ಕು ಪಡೆದರು. 1972ರಲ್ಲೇ ತೀರಿಕೊಂಡ ಗೋಪಾಲಗೌಡರು ಅದನ್ನು ಕಾಣಲಿಲ್ಲ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು: ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವರಿಗೆ ಆ ಹಕ್ಕು ದಕ್ಕಲಿಲ್ಲ. ಆ ಸಾಲ ಇನ್ನೂ ತೀರಿಲ್ಲ.

ತೀರಿಸುವ ಬದಲು 2020ರಲ್ಲಿ ಏನಾಯಿತು? ಬೇಸಾಯಗಾರರಲ್ಲದವರು ಬೇಸಾಯದ ಭೂಮಿ ಕೊಳ್ಳಬಾರದೆಂದು ಇದ್ದ ತಡೆಗಳನ್ನೇ ಸರ್ಕಾರ ಕಿತ್ತುಹಾಕಿತು. ರೈತನಿಗೆ ಮಾರುವ ಸ್ವಾತಂತ್ರ್ಯ ಬೇಡವೇ ಎಂದು ಅದರ ಪರವಾಗಿ ಕೇಳುವವರಿದ್ದಾರೆ. ಸಾಲದಲ್ಲಿ ಮುಳುಗಿದವನು ಮಾರುವುದು, ಹಣದ ಮೂಟೆಯವನು ಕೊಳ್ಳುವುದು ಯಾವ ಬಗೆಯ ಸ್ವಾತಂತ್ರ್ಯವೆಂದು ನಾವು ಮರಳಿ ಕೇಳುತ್ತೇವೆ.

ಇದು ರೈತರ ಪಾಡು, ನಮಗೇನು ಎನ್ನಬೇಡಿ. ಅಂಗಡಿಕಾರ ಬಂಧುಗಳೆ, ನಿಮ್ಮ ತಕ್ಕಡಿಗೆ ಸರ್ಕಾರದ ಮುದ್ರೆ ಇಲ್ಲದಿದ್ದರೆ ದಂಡ ಬೀಳುತ್ತದೆ. ಬೀಳಲಿ, ಅದು ನ್ಯಾಯವೇ. ಆದರೆ ನಿಮಗೆ ಸಾಲ ಕೊಡುವವನ ಬಡ್ಡಿಯ ಲೆಕ್ಕಕ್ಕೆ ಮುದ್ರೆ ಒತ್ತುವವರು ಯಾರು? ಗಿರಣಿಯ ಅಣ್ಣಂದಿರೆ, ಅಕ್ಕಂದಿರೆ, ನೀವು ದುಡಿದ ಗಂಟೆಯನ್ನು, ನೂತ ನೂಲನ್ನು ಅಳೆಯುವವರು ಯಾರು? ಅಳತೆ ಉಳ್ಳವನ ಕೈಯಲ್ಲೇ ಇರುವ ತನಕ ಎಣಿಕೆ ಸರಿಯಿದ್ದರೂ ಹೊಟ್ಟೆ ತುಂಬದು.

ಕಾಗೋಡಿನ ನೆನಪಿಗೆ ಹಾರ ಹಾಕಿ ಕೈಮುಗಿದರೆ ಸಾಲದು. ಅದನ್ನು ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಕಲಿಸಬೇಕು, ನಮ್ಮ ಸಂಘಗಳಲ್ಲಿ ದೊಡ್ಡವರು ಕಲಿಯಬೇಕು. ಅಂದು ಹಳ್ಳಿಯ ಗೇಣಿದಾರರು ಕೇಳಿದ ಪ್ರಶ್ನೆಯನ್ನು ಇಂದು ಪೇಟೆಯಲ್ಲಿ ಕೇಳುವ ಸರದಿ ನಮ್ಮದು: ಕೊಳಗ ಯಾರ ಕೈಯಲ್ಲಿದೆ?