ಏರ್ ಫ್ರೈಯರ್: ಎಣ್ಣೆ ಜೊತೆ ಮೀಟರೂ ನೋಡಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಸಂಜೆಯಾದರೆ ಒಗ್ಗರಣಿ-ಮಿರ್ಚಿ ಬೇಕೇ ಬೇಕು. ಆದರೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಡುಗೆ ಎಣ್ಣೆಯ ಆಮದು ಸುಂಕ ಏರಿಸಿದ ಮೇಲೆ, ಬಾಣಲಿ ತುಂಬ ಎಣ್ಣೆ ಸುರಿಯಲು ಕೈ ಹಿಂಜರಿಯಿತು. ಹಾಗಾದರೆ ಏರ್ ಫ್ರೈಯರ್ ಕೊಂಡರೆ ಲಾಭವೇ ಅಂತೀರಾ?

ಎಣ್ಣೆ ಉಳಿಯುತ್ತದೆ, ನಿಜ. ಆದರೆ ಗೃಹಜ್ಯೋತಿ ಲೆಕ್ಕ ಮರೆಯಬೇಡಿ. 1,500 ವಾಟ್‌ನ ಫ್ರೈಯರ್ ದಿನಕ್ಕೆ 20 ನಿಮಿಷ ನಡೆದರೆ ತಿಂಗಳಿಗೆ ಹೆಚ್ಚೆಂದರೆ 15 ಯುನಿಟ್. ನಿಮ್ಮ ಮನೆಗೆ ನಿಗದಿಯಾದ ಯುನಿಟ್ ಮೀರಿದರೆ ಹೆಚ್ಚಿನದಕ್ಕೆ ದುಡ್ಡು ಕಟ್ಟಬೇಕು. 200 ದಾಟಿತೋ, ಪೂರ್ತಿ ಬಿಲ್ಲು ನಿಮ್ಮದೇ! ಕೂಲರ್ ತಿರುಗುವ ಬೇಸಿಗೆಯಲ್ಲಂತೂ ಎಚ್ಚರ. ವಾರಕ್ಕೆರಡು ಸಲ ಸಾಕು.

ಮನೆಯಲ್ಲಿ ಫ್ರೈಯರ್ ಇದ್ದವರು ಹೀಗೆ ಮಾಡಿ: ಗಜ್ಜರಿ, ಬೀಟ್‌ರೂಟ್, ಆಲೂಗಡ್ಡೆಯನ್ನು ಬೆರಳುದ್ದ ಹೆಚ್ಚಿ, ಬಟ್ಟೆಯಲ್ಲಿ ಒರೆಸಿ. ಒಂದು ಚಮಚ ಎಣ್ಣೆ, ಎರಡು ಚಮಚ ಅಕ್ಕಿಹಿಟ್ಟು, ಉಪ್ಪು, ಖಾರ ಸವರಿ. ಒತ್ತೊತ್ತಾಗಿ ತುಂಬದೆ 180 ಡಿಗ್ರಿಯಲ್ಲಿ 15-20 ನಿಮಿಷ ಇಡಿ. ನಡುವೆ ಒಮ್ಮೆ ಅಲುಗಾಡಿಸಿ. ಗಟ್ಟಿ ಮೊಸರಿಗೆ ಶೇಂಗಾ ಹಿಂಡಿ ಕಲಸಿದರೆ ಅದ್ದಿಕೊಂಡು ತಿನ್ನಲು ಬಲು ರುಚಿ.

ನೀರುಹಿಟ್ಟಿನ ಮಿರ್ಚಿ ಮಾತ್ರ ಇದರಲ್ಲಿ ಹಾಕಬೇಡಿ, ಹಿಟ್ಟು ಸೋರಿಹೋಗುತ್ತದೆ. ಅದಕ್ಕೆ ಬಾಣಲಿಯೇ ಸೈ.