ಗುಲಂಡಿಯ ಹಲ್ಲು

ಹರಿಯಬ್ಬೆಯಂತಹ ಬಯಲುಸೀಮೆಯ ಊರಿನಲ್ಲಿ ಇಲಿಗೆ ಎರಡೇ ಸ್ಥಾನ: ವರ್ಷಕ್ಕೊಮ್ಮೆ ಗಣಪತಿಯ ಪಾದದ ಬಳಿ, ಉಳಿದ ದಿನಗಳಲ್ಲಿ ಬೋನಿನೊಳಗೆ. ಅದಕ್ಕೂ ಒಂದು ಚರಿತ್ರೆಯುಂಟು, ಆ ಚರಿತ್ರೆ ಹವೆಯ ಚರಿತ್ರೆಯೂ ಹೌದು ಎಂಬ ಮಾತು ನಮ್ಮ ತರಗತಿಗಳಲ್ಲಿ ಕೇಳಿಬರುವುದು ಅಪರೂಪ. ಜೀವವಿಕಾಸಕ್ಕೆ ನಿದರ್ಶನ ಬೇಕಾದಾಗ ಉಪಾಧ್ಯಾಯರು ಉತ್ತರ ಅಮೆರಿಕದ ಕುದುರೆಯನ್ನೇ ಕರಿಹಲಗೆಗೆ ಎಳೆತರುತ್ತಾರೆ. ಕುದುರೆಯ ಮೇಲೆ ನನಗೇನೂ ದ್ವೇಷವಿಲ್ಲ. ಆದರೆ ಹಿತ್ತಲಿನ ನಿದರ್ಶನವನ್ನು ಬಿಟ್ಟು ಸಮುದ್ರ ದಾಟುವುದೇಕೆ?

ಹಿಮಾಲಯದ ಬುಡದ ಶಿವಾಲಿಕ ಸ್ತರಗಳಲ್ಲಿ, ವಿಶೇಷವಾಗಿ ಪಾಕಿಸ್ತಾನದ ಪೊಟ್ವಾರ್ ಪ್ರಸ್ಥಭೂಮಿಯಲ್ಲಿ, ಇಲಿವಂಶದ ದಾಖಲೆ ಬಹುಮಟ್ಟಿಗೆ ಸರಪಣಿಯಂತೆ ದೊರೆತಿದೆ. ಮಣ್ಣನ್ನು ಜರಡಿಯಲ್ಲಿ ತೊಳೆದು ಆರಿಸಿದ ಎಳ್ಳುಕಾಳಿನಷ್ಟರ ಹಲ್ಲುಗಳೇ ಆ ದಾಖಲೆ. ಸುಮಾರು 1 ಕೋಟಿ 40 ಲಕ್ಷ ವರ್ಷಗಳ ಹಿಂದಿನ ಆಂಟೆಮಸ್ ಅದರ ಆದಿಯ ಕೊಂಡಿಗಳಲ್ಲೊಂದು. ಇಂದಿಗೆ 80ರಿಂದ 60 ಲಕ್ಷ ವರ್ಷಗಳ ಹಿಂದೆ ಅಲ್ಲಿಯ ಮಳೆ ಋತುಬದ್ಧವಾಯಿತು. ಕಾಡು ಹಿಂಜರಿದು ಹುಲ್ಲು ಹಬ್ಬಿತು. ಇದು ತಿಳಿದದ್ದು ಮಣ್ಣಿನ ಸುಣ್ಣದ ಗಂಟುಗಳಿಂದ. ಹಿರಿಯೂರು ಸೀಮೆಯ ಎರೆಹೊಲದಲ್ಲಿ ನೇಗಿಲಿಗೆ ಸಿಗುವಂಥವೇ ಅವು. ರಾಗಿ, ಜೋಳ, ಸಜ್ಜೆಗಳ ಜಾತಿಯ ಬಿಸಿಲುಪ್ರಿಯ ಹುಲ್ಲು ಬೆಳೆದ ನೆಲದ ಗಂಟಿನಲ್ಲಿ ಭಾರದ ಇಂಗಾಲದ ಅಂಶ ಹೆಚ್ಚು. ಹುಲ್ಲಿನಲ್ಲಿ ಮರಳಿನಂಥ ಸಿಲಿಕವಿದೆ. ಅದು ಹಲ್ಲನ್ನು ಅರೆಯುತ್ತದೆ. ಅಗಲವಾದ, ಎತ್ತರದ ದವಡೆಹಲ್ಲುಳ್ಳ ವಂಶಗಳಿಗೆ ಕಾಲ ಒಲಿಯಿತು. ಹಣ್ಣನ್ನೂ ಎಲೆಯನ್ನೂ ನಂಬಿದ್ದ ಅನೇಕ ಸಸ್ತನಿಗಳು ಅಲ್ಲಿಂದ ಕಾಣೆಯಾದವು. ಶಿವಾಪಿಥೆಕಸ್ ಎಂಬ ದೊಡ್ಡ ವಾನರವೂ ಉಳಿಯಲಿಲ್ಲ.

ಈ ಕಥೆಯಲ್ಲಿ ಕನ್ನಡದ ಹೆಸರೊಂದಿದೆಯೆಂದರೆ ಓದುಗರು ನಂಬಲಾರರು. 1837ರಲ್ಲಿ ಗ್ರೇ ಎಂಬ ವಿದ್ವಾಂಸ ನಮ್ಮ ಪೊದೆಯಿಲಿಗೆ 'ಗೊಲುಂಡ ಎಲಿಯೊಟಿ' ಎಂದು ಹೆಸರಿಟ್ಟ. ಎಲಿಯಟ್ ಧಾರವಾಡದಲ್ಲಿದ್ದ ಅಧಿಕಾರಿ. ಗೊಲುಂಡ ಎಂಬುದು ಹಳೆಯ ಗ್ರಂಥಗಳು ಕೊಡುವ 'ಗುಲಂಡಿ' ಎಂಬ ಕನ್ನಡ ಪದದ ರೂಪ. ಗರಿಕೆಯ ಬೇರು, ಹುಲ್ಲಿನ ದಂಟು ಇದರ ಆಹಾರ. ಇದರ ಹಳೆಯ ಬಂಧುಗಳ ಹಲ್ಲುಗಳು ಶಿವಾಲಿಕದಲ್ಲಷ್ಟೇ ಅಲ್ಲ, ದೂರದ ಇಥಿಯೋಪಿಯದಲ್ಲಿಯೂ ಸಿಕ್ಕಿವೆ. ಪ್ರಪಂಚದ ಪ್ರಾಣಿಶಾಸ್ತ್ರ ಉಳಿಸಿಕೊಂಡ ಪದವನ್ನು ನಾವು ಮರೆತಿದ್ದೇವೆ!

ಪ್ರಾಣಿಗಳು ಹವೆಗೆ ಹೇಗೋ ಹೊಂದಿಕೊಳ್ಳುತ್ತವೆ ಎಂದು ಇಂದು ನಿಶ್ಚಿಂತೆಯಿಂದ ಹೇಳುವವರಿದ್ದಾರೆ. ಅವರಿಗೆ ಕರ್ನೂಲಿನ ಬಿಲ್ಲಸುರ್ಗಂ ಗುಹೆಗಳು ಆಧಾರವಾಗಿ ತೋರಬಹುದು: 2014ರಲ್ಲಿ ಪ್ರಕಟವಾದ ಅಧ್ಯಯನದಂತೆ, ಅಲ್ಲಿ ಗುರುತಿಸಿದ 21 ಸಸ್ತನಿ ಬಗೆಗಳಲ್ಲಿ 20 ಎರಡು ಲಕ್ಷ ವರ್ಷಗಳ ಏರಿಳಿತಗಳನ್ನು ದಾಟಿ ಬಂದಿವೆ. ಆದರೆ ಅವು ಉಳಿದದ್ದಕ್ಕೆ ವಿದ್ವಾಂಸರು ಕೊಡುವ ಕಾರಣವೆಂದರೆ ಕಾಡು, ಕುರುಚಲು, ಹುಲ್ಲುಗಾವಲುಗಳು ಒಂದಕ್ಕೊಂದು ತೆರೆದುಕೊಂಡಿದ್ದುದು. ಹಲ್ಲು ಬದಲಾಗಲು ಲಕ್ಷಾಂತರ ವರ್ಷ ಬೇಕು. ಸರಿದುಹೋಗಲು ದಾರಿಯೊಂದಿದ್ದರೆ ಸಾಕು. ಆ ದಾರಿಯನ್ನೇ ಇಂದು ಬೀಳುನೆಲವೆಂದು ಲೆಕ್ಕ ಬರೆದು ಮುಚ್ಚುತ್ತಿದ್ದೇವೆ.

ಪಾಳುಗೋಡೆಯ ಕೆಳಗೆ ಗೂಬೆ ಉಗುಳಿದ ಉಂಡೆಗಳು ಯಾವ ಹಳ್ಳಿಯಲ್ಲಿಯೂ ದೊರೆಯುತ್ತವೆ. ಉಪಾಧ್ಯಾಯರು ಒಂದನ್ನು ನೀರಿನಲ್ಲಿ ನೆನೆಸಿ ಬಿಡಿಸಲಿ. ಇಲಿಯ ದವಡೆಗಳು ಹೊರಬರುವುವು. ಒಂದು ಭೂತಗನ್ನಡಿಯಿದ್ದರೆ ಪಾಠಕ್ಕೆ ಬೇರೇನೂ ಬೇಡ.